ಹೆಬ್ಬಟ್ಟಿನಗಲದ ಖಾನಾ

ಯಾದಗಿರಿ ದವಾಖಾನಿ ರಜಿಸ್ಟರಿನಾಗ ಆರು ಖಾನಾ.
ಬಲದಿಂದ ಎಡಕ್ಕ ಬರೀಬೇಕು, ಸರ್ಕಾರಿ ಉರ್ದುದಾಗ:
ನಂಬರು, ಹೆಸರು, ಓಣಿ,
ಮರ್ಜು ಅಂದ್ರ ರೋಗ, ದವಾ,
ಕಡೀಗೆ ಏನಾಯ್ತು.
ಮರ್ಜಿನ ಖಾನಾ ಹೆಬ್ಬಟ್ಟಿನಗಲ.
ಒಂದು ಹೆಸರು ಕುಂತರ
ಎರಡನೇದಕ್ಕ ನಿಲ್ಲಾಕೂ ಜಾಗ ಇಲ್ಲ.

ಫಸಲಿ ಹದಿಮೂರುನೂರಾ ಇಪ್ಪತ್ತೆಂಟು, ಆಜೂರ್ ತಿಂಗಳು.
ಮುಂಬೈ ಗಾಡಿ ನಿಂತಾಗ
ಮಂದಿಗಿಂತ ಮೊದಲ ಕೆಮ್ಮು ಇಳೀತಿತ್ತು.
ಗಾಳಿಜ್ವರ ಅಂದ್ರು ಊರವರು,
ಇನ್‌ಫ್ಲುಯೆಂಜಾ ಅಂದ್ರು ಡಾಕ್ಟರ್ ಖುರ್ಷೀದ್ ಸಾಹೇಬ್ರು.
ಅದಕ್ಕೂ ಮೊದಲ ಅಡತಿ ಅಂಗಡಿ ಜಂತಿಯಿಂದ
ಇಲಿ ಉದುರಾಕತ್ತಿದ್ವು.
ಇಟ್ಟಂಗಿ ಭಟ್ಟಿ ತಗ್ಗಿನಾಗ ನಿಂತ ನೀರು
ಯಾವಾಗಿನಂಗ ತನ್ನ ಚಳಿಜ್ವರ ಸಾಕ್ಕೊಂಡು ಕುಂತಿತ್ತು.
ಮೂರೂ ಒಂದ ಬಾಗಿಲಿಗೆ ಬಂದ್ರ
ಮುಟ್ಟಿದ ಕೈಗೆ ಒಂದ ಬಿಸಿ.
ಥರ್ಮಾಮೀಟರ್ ಎಷ್ಟು ಅಂತ ಹೇಳ್ತದ,
ಯಾರು ಅಂತ ಹೇಳಂಗಿಲ್ಲ.

ಟೇಸನ್ ಹಮಾಲ ಸಾಬಣ್ಣ
ಹಲ್ಲು ಖಟಖಟ ಬಡಕೋತ ಬಂದ.
"ಮೊನ್ನೆನೂ ಇದ ಹೊತ್ತಿಗೆ, ಗೂಡ್ಸ್ ಬಂದಾಗ" ಅಂದ.
ಗಡಿಯಾರ ನೋಡಿ ಬರೋ ಜ್ವರ.
ಕ್ವಿನೈನ್ ಕೊಟ್ವಿ.
ಮತ್ತ ಗೂಡ್ಸ್ ಬಂತು, ನಡುಕ ಬರ್ಲಿಲ್ಲ.
ಮೈ ಮಾತ್ರ ಸುಡ್ತಾನೇ ಇತ್ತು,
ಎದ್ಯಾಗ ಒಣಗಿದ ತೊಗರಿಕಾಯಿ ಗಿಲಗಿಲ.
ಸಾಹೇಬ್ರು ಕಿವಿ ನಳಿಗಿ ತಗದು ಅಂದ್ರು:
"ಮುಂದಿದ್ದಾಂವ ಎದ್ದು ಹೋದ,
ಹಿಂದ ಕುಂತಾಂವ ಈಗ ಕಾಣ್ಲಾಕತ್ತ."
ದವಾ ಕೊಟ್ಟು ರೋಗದ ಹೆಸರು ಕೇಳಬೇಕಂತ
ಅವತ್ತು ಕಲ್ತೆ.
ಎದಿಗೆ ಅಗಸಿ ಹಿಟ್ಟಿನ ಬಿಸಿ ಪಟ್ಟಿ, ಬಾಯಿಗೆ ಜ್ವಾಳದ ಗಂಜಿ;
ಹನ್ನೆರಡನೇ ದಿನ ಗೋಡಿ ಹಿಡಕೊಂಡು ಎದ್ದ.

ಅಷ್ಟೊತ್ತಿಗೆ ಶೀಶಾದ ತಳ ಕಂಡಿತ್ತು.
ಎಲ್ಲಾರ ಮೈಗೂ ಕೇಳುವಷ್ಟು ಪ್ರಶ್ನೆ
ನಮ್ಮ ಹತ್ರ ಉಳಿದಿರಲಿಲ್ಲ.

ಅವನ ಹೆಂಡತಿ ತಾಯಮ್ಮ.
ಕೆಮ್ಮು ಇತ್ತು, ಕಣ್ಣು ಕೆಂಪು.
ಸಾಲು ರೈಲು ಪಟ್ರಿ ತನಕ ಬೆಳದಿತ್ತು.
ಎಡಗೈ ಮೈಯಿಂದ ದೂರ ಹಿಡದಿದ್ಲು,
ಕಂಕುಳಾಗ ಹಕ್ಕಿಮರಿ ಇಟ್ಕೊಂಡಾಕಿ ಹಂಗ.
"ಕೊಡ ಹೊತ್ತು ನೋವಾಗ್ಯದ" ಅಂದ್ಲು.
ಸಾಹೇಬ್ರು ಆ ಕಡಿ ಇದ್ರು. ನೋಡಿದ್ದು ನಾನು.
ತೋಳು ಎತ್ತವ್ವ ಅನ್ನಾಕ ನಾಚಿಕಿ ಆಯ್ತೋ,
ಸಾಲು ನೋಡಿ ದಣುವಾಯ್ತೋ,
ಇವತ್ತಿಗೂ ಆಣಿ ಮಾಡಿ ಹೇಳ್ಲಾರೆ.
ಗಂಡಗಿದ್ದದ್ದ ಹೆಂಡ್ತಿಗೆ ಅಂತ
ಅದ ಮಿಕ್ಚರ್ ಹೊಯ್ದು ಅದ ಮರ್ಜು ಬರದೆ.
ನಾಕನೇ ದಿನ, ಆಕಿ ಮೈ ತೊಳದ ಮುದುಕಿ ಬಂದು
ಏನೂ ಅನ್ನದ ತನ್ನ ಕಂಕುಳ ಮುಟ್ಟಿ ತೋರಿಸಿ
ಬೆರಳು ದುಂಡಗ ಕೂಡಿಸಿದ್ಲು.
ಲಿಂಬಿಕಾಯಿಯಷ್ಟು.

ಆಮ್ಯಾಲೆ ಬಂದಬಂದವರ ತೋಳು ಎತ್ತಿಸಿದೆ,
ಹಲ್ಲುನೋವಿಗೆ ಬಂದವರದೂ.
ಕಂಕುಳ ಕಂಪೌಂಡರ್ ಅಂತ ಹೆಸರಿಟ್ರು. ಇರ್ಲಿ.
ಹನ್ನೊಂದು ಮಂದಿ ಮೈಯಾಗ ಎರಡೆರಡು ಸಿಕ್ಕವು.
ಉಳದವರು ಮೂರು.

ಅವರ ಸಾಲಿನಾಗ
ಬಲದಿಂದ ಉರ್ದುದಾಗ ಒಂದು ಬರದೆ,
ಎಡದಿಂದ ಕನ್ನಡದಾಗ ಇನ್ನೊಂದು.
ಎರಡೂ ಎದುರಾಬದುರು ಬಂದು
ಸಾಸಿವಿಯಷ್ಟು ಜಾಗ ಬಿಟ್ಟು ನಿಂತ್ವು.
ತಹಸೀಲಿನ ಗುಮಾಸ್ತ ವಾಪಸ್ ಕಳಿಸಿದ:
"ಹೆಣ ಎಂಟು, ರೋಗ ಹದಿನಾರು.
ಕೂಡಿಸೋದು ಹ್ಯಾಂಗ?"
ತನಗ ಓದಾಕ ಬರದ ಅಕ್ಷರಕ್ಕ
ಕೆಂಪು ಗೀಟು ಎಳದಿದ್ದ.

ಹಿಂದಿನ ಹಾಳಿ ಅಂವ ತಿರುವಿರಲಿಲ್ಲ.
ಅವತ್ತು ಸಂಜಿಗೆ, ಸಾಬಣ್ಣನ ಮಗ
ಖಾಲಿ ಶೀಶಾ ಹಿಡಕೊಂಡು ಬಾಗಿಲಾಗ ನಿಂತಿದ್ದಾಗ,
ತಾಯಮ್ಮನ ಸಾಲು ಹುಡುಕಿದೆ.
ಬಲಕ್ಕ ಇನ್‌ಫ್ಲುಯೆಂಜಾ, ಆರಿ ಕಪ್ಪಾದ ಶಾಯಿ.
ಎಡಕ್ಕ ಸಣ್ಣಗ ಬರದೆ:
ಗಂಟೂ ಇತ್ತು.

ಶೀಶಾ ತುಂಬಿಸಿ ಕೊಟ್ಟೆ.
ಶಾಯಿ ಆರೂತನಕ
ಹಾಳಿ ಮುಚ್ಚಲಿಲ್ಲ.